ನೆರಳು ಬಿದ್ದ ಗುಂಡಿ

ಜೋಳ ಕುಟ್ಟುವ ಒರಳಿನಲ್ಲಿ ಆ ಮನೆಯವರು ಕಲ್ಲು ಕುಟ್ಟುತ್ತಿದ್ದರು.

ಕುಟ್ಟುತ್ತಿದ್ದರು ಅಂದರೆ ಎಲ್ಲರೂ ಅಂತ ತಿಳಿಯಬೇಡಿ. ಸೊಸೆ ಕುಟ್ಟುತ್ತಿದ್ದಳು. ಗಂಡಸರು ಹೊಲದಲ್ಲಿ ಗುಂಡಿ ತೋಡಿ, ಮುಷ್ಟಿಗಾತ್ರದ ಕಲ್ಲನ್ನು ಬುಟ್ಟಿಗಟ್ಟಲೆ ತಂದು ಅಂಗಳದಲ್ಲಿ ಸುರಿದು ಹೋಗುತ್ತಿದ್ದರು. ಒಳಗೆ ಚಿನ್ನ ಇದೆ ಅನ್ನುತ್ತಿದ್ದರು. ಅದನ್ನು ಹಿಟ್ಟು ಮಾಡುವ ಕೆಲಸ ಮಾತ್ರ ಅವಳದು. ಜೋಳ ಕುಟ್ಟುವಾಗ ಒನಕೆ ಕೈಯ ಮಾತು ಕೇಳುತ್ತದೆ. ಕಲ್ಲು ಕುಟ್ಟುವಾಗ ಹಾಗಲ್ಲ, ಹಾಕಿದ ಪ್ರತಿ ಏಟೂ ತಿರುಗಿ ಬಂದು ಭುಜಕ್ಕೇ ಬಡಿಯುತ್ತದೆ. ಸಂಜೆ ಹೊತ್ತಿಗೆ ಅವಳ ಬೆರಳುಗಳು ಒನಕೆ ಹಿಡಿದ ಆಕಾರದಲ್ಲೇ ಮರಗಟ್ಟಿ ನಿಲ್ಲುತ್ತಿದ್ದವು. ಮಗಳ ತಲೆ ಬಾಚಲು ಕೂತರೆ ಬಾಚಣಿಗೆ ಜಾರಿ ಬೀಳುತ್ತಿತ್ತು. ಸೀನಿದರೆ ಬೂದು ಬಣ್ಣದ ಕೆಸರು, ಕೆಮ್ಮಿದರೂ ಅದೇ ಬಣ್ಣ.

ಕಲ್ಲು ಮುಗಿದ ಮೇಲೆ ಅದೇ ಒರಳಿನಲ್ಲಿ ಜೋಳ. ಎಷ್ಟು ತೊಳೆದರೂ ಅಷ್ಟೇ, ಹಿಟ್ಟಿನಲ್ಲಿ ಮರಳು ಉಳಿಯುತ್ತಿತ್ತು. ಬಾಯಿಗಿಟ್ಟರೆ ಕರಕರ. ಅತ್ತೆಗೆ ಉಳಿದಿದ್ದ ದವಡೆ ಹಲ್ಲೊಂದು ಹಾಗೇ ಮುರಿದಿತ್ತು. ಮುರಿದ ಚೂರನ್ನು ಮುದುಕಿ ಅಂಗೈಯಲ್ಲಿಟ್ಟು ಮಗನ ಮುಂದೆ ಹಿಡಿದು, ಇದನ್ನೂ ತೂಕಕ್ಕೆ ಹಾಕಿಸಿಕೊಂಡು ಬಾ, ಚಿನ್ನವೇ ಇರಬಹುದು ಅಂದಿದ್ದಳು. ಮಗ ಎದ್ದು ಆಚೆ ಹೋದ. ಇತ್ತೀಚೆಗೆ ಅವನು ಯಾವ ಮಾತಿಗೂ ಹಾಗೇ ಎದ್ದು ಆಚೆ ಹೋಗುತ್ತಿದ್ದ.

ಇದೆಲ್ಲ ಶುರುವಾದದ್ದು ಹೋದ ಬೇಸಿಗೆಯಲ್ಲಿ, ಗುಂಡಿ ತೋಡಿಸುವ ಮೇಸ್ತ್ರಿ ಬಂದ ಮೇಲೆ. ಬಂದವನು ಇವರ ಹೊಲದ ಬದುವಿನ ಮೇಲೆ ಕೂತು, ಒಂದು ಹಿಡಿ ಮಣ್ಣು ತೆಗೆದು, ಉಜ್ಜಿ, ಮೂಸಿ, ಕೊನೆಗೆ ನಾಲಿಗೆಯ ತುದಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಸುತ್ತ ನಿಂತ ಗಂಡಸರು ಉಸಿರು ಬಿಗಿಹಿಡಿದು ನೋಡಿದರು. ಮಣ್ಣು ನೆಕ್ಕಿ ಚಿನ್ನ ಹೇಳುವವನನ್ನು ನಂಬಿದ ಆ ಬುದ್ಧಿವಂತರಿಗೆ ಏನು ಹೇಳೋಣ! ಅಜ್ಜನ ಕಾಲದಿಂದ ಅದೇ ಮಣ್ಣು ಉತ್ತು, ಅದೇ ಮಣ್ಣು ಮೆತ್ತಿಕೊಂಡು, ಅದರಿಂದಲೇ ಹೊಟ್ಟೆ ಹೊರೆದವರು ಇವರು. ಒಂದು ದಿನವೂ ಯಾರಿಗೂ ಚಿನ್ನದ ರುಚಿ ಹತ್ತಿರಲಿಲ್ಲ. ಎಲ್ಲಿಂದಲೋ ಬಂದವನ ನಾಲಿಗೆಗೆ ಹತ್ತಿತು.

ಇದೆ ಅಂದ ಮೇಸ್ತ್ರಿ. ಒಂದು ಎಳೆ ಇದೆ, ಕಲ್ಲಿನೊಳಗೆ ನೂಲಿನ ಹಾಗೆ ಹೋಗಿದೆ, ಹಿಡಿದರೆ ಮನೆತನವೇ ಬದಲಾಗುತ್ತದೆ ಅಂದ. ಎಷ್ಟು ಆಳದಲ್ಲಿದೆ ಅಂತ ಕೇಳಿದ್ದಕ್ಕೆ ಎರಡು ಆಳು ಅಂದ. ಎರಡು ಆಳು ತೋಡಿದ ಮೇಲೆ ಇನ್ನೊಂದು ಮೊಳ ಅಂದ. ಅಲ್ಲಿಂದ ಮುಂದೆ ಅವನ ಬಾಯಲ್ಲಿ ಬಂದದ್ದೆಲ್ಲ ಅದೊಂದೇ, ಇನ್ನೊಂದು ಮೊಳ. ಅತ್ತೆ ಅವನಿಗೆ ಮೊಳದಪ್ಪ ಅಂತ ಹೆಸರಿಟ್ಟಳು. ಮೊಳದಪ್ಪ ಉಂಡನಾ, ಮೊಳದಪ್ಪನಿಗೆ ಸಾಕಾಯಿತಾ ಅಂತ ಸೊಸೆಯನ್ನು ಕೇಳಿ ಬೊಚ್ಚುಬಾಯಲ್ಲಿ ನಗುತ್ತಿದ್ದಳು. ನಗಲು ಆ ಮನೆಯಲ್ಲಿ ಉಳಿದಿದ್ದು ಅದೊಂದೇ.

ಗುಂಡಿಗೆ ಎರಡು ಕಟ್ಟಳೆಗಳಿದ್ದವು. ಹೊಲ ಯಾರದೋ ಅವರೇ ತೋಡುವವರಿಗೆ ಊಟ ಹಾಕಬೇಕು, ಚಿನ್ನ ಸಿಗುವ ತನಕ. ಸಿಕ್ಕ ಮೇಲೆ ಹಗ್ಗದ ಖರ್ಚು, ಮರದ ಖರ್ಚು, ಪಾದರಸದ ಖರ್ಚು ಕಳೆದು ಪಾಲು. ಊಟದ ಖರ್ಚು ಯಾಕೆ ಕಳೆಯುವುದಿಲ್ಲ ಅಂತ ಅತ್ತೆ ಕೇಳಿದಾಗ ಮೇಸ್ತ್ರಿ ನಕ್ಕಿದ್ದ. ಊಟ ಏನು ಖರ್ಚಮ್ಮ, ಹೊಲದಲ್ಲಿ ತಾನಾಗಿ ಬೆಳೆಯುತ್ತೆ, ಮನೆ ಹೆಂಗಸರು ಬೇಯಿಸುತ್ತಾರೆ ಅಂದಿದ್ದ. ತಾನಾಗಿ ಬೆಳೆಯುತ್ತದಂತೆ. ಆ ಬಾಯಿಗೆ ಗಂಜಿ ಸುರಿದು ಸುರಿದು ಇವರ ಕಣಜದ ತಳ ಕಂಡಿತು.

ಇನ್ನೊಂದು ಕಟ್ಟಳೆ, ಹೆಣ್ಣಿನ ನೆರಳು ಗುಂಡಿಯ ಬಾಯಿಗೆ ಬೀಳಬಾರದು. ಬಿದ್ದರೆ ಚಿನ್ನ ಓಡಿಹೋಗುತ್ತದೆ, ಕೈಗೆ ಸಿಗದಷ್ಟು ಆಳಕ್ಕೆ ಇಳಿದುಬಿಡುತ್ತದೆ. ಆದ್ದರಿಂದ ಸೊಸೆ ದಿನಾ ಮಧ್ಯಾಹ್ನ ಗಂಜಿಯ ಪಾತ್ರೆ ಹೊತ್ತು ಸ್ವಂತ ಹೊಲಕ್ಕೆ ಹೋಗಿ, ಬೇಲಿಯ ಆಚೆಗೇ ಇಟ್ಟು, ಒಂದು ಕೂಗು ಹಾಕಿ, ಬೆನ್ನು ತಿರುಗಿಸಿ ಕೂರಬೇಕು. ಅವರಲ್ಲೊಬ್ಬ ಬಂದು ಎತ್ತಿಕೊಂಡು ಹೋಗುತ್ತಾನೆ. ಉಂಡಾದ ಮೇಲೆ ಪಾತ್ರೆ ಬೇಲಿಗೆ ವಾಪಸು. ತಳದಲ್ಲಿ ಒಂದಿಷ್ಟು ಉಳಿದಿದ್ದರೆ ಅದು ಮೂರು ಹೆಣ್ಣುಗಳಿಗೆ, ಅತ್ತೆಗೆ, ಅವಳಿಗೆ, ಮಗಳಿಗೆ. ಒಮ್ಮೊಮ್ಮೆ ಅದರಲ್ಲಿ ಬೀಡಿಯ ತುಂಡು ತೇಲುತ್ತಿತ್ತು. ಅವಳು ತುಂಡನ್ನು ಎರಡು ಬೆರಳಲ್ಲಿ ಎತ್ತಿ ಎಸೆದು, ಉಳಿದದ್ದನ್ನು ಮಗಳ ತಟ್ಟೆಗೆ ಬಗ್ಗಿಸುತ್ತಿದ್ದಳು. ಹಸಿದ ಮಗು ತಟ್ಟೆಗೆ ಬಿದ್ದದ್ದನ್ನು ತಿನ್ನುತ್ತಿತ್ತು.

ಒಂದು ಸಲ ಅವಳು ಗಂಡನನ್ನು ಕೇಳಿದ್ದಳು.

"ಅಲ್ಲಾರೀ, ನಾನು ಹತ್ರ ಬಂದ್ರೆ ಗುಂಡೀಲಿರೋ ಚಿನ್ನ ಓಡಿಹೋಗತ್ತೆ ಅಂತೀರ. ದಿನಾ ಒರಳಲ್ಲಿ ಹಾಕ್ಕೊಂಡು ನಾನೇ ಕುಟ್ತೀನಲ್ಲ, ಆಗ ಯಾಕೆ ಓಡಲ್ಲ?"

ಮೇಲೆ ಬಂದ ಮೇಲೆ ಅದಕ್ಕೆ ಏನೂ ಆಗುವುದಿಲ್ಲ, ನಿನಗೆ ತಿಳಿಯದ್ದಕ್ಕೆ ಬಾಯಿ ಹಾಕಬೇಡ ಅಂದ ಅವನು. ಮೇಲೆ ಬಂದ ಮೇಲೆ ನಾಚಿಕೆ ಬಿಡುತ್ತೆ ಅಂತ ಕಾಣುತ್ತೆ ಅಂದಳು ಅತ್ತೆ, ಗೋಡೆಯ ಕಡೆ ಮುಖ ಮಾಡಿಕೊಂಡು.

ಈ ಕಟ್ಟಳೆ ಬರೀ ತಮಾಷೆಯಾಗಿ ಉಳಿದಿದ್ದರೆ ಸೊಸೆಯೂ ನಕ್ಕು ಸುಮ್ಮನಾಗುತ್ತಿದ್ದಳೇನೋ. ಪಕ್ಕದ ಹೊಲದಲ್ಲೂ ಇದೇ ಮೇಸ್ತ್ರಿ ಗುಂಡಿ ತೋಡಿಸಿದ್ದ. ಅಲ್ಲಿ ಎಷ್ಟು ತೋಡಿದರೂ ಕಲ್ಲಿನ ಕೆಳಗೆ ಕಲ್ಲು. ಇನ್ನೊಂದು ಮೊಳ ಅನ್ನುವುದಕ್ಕೂ ನಾಚಿಕೆಯಾದಾಗ ಅವನು ಆ ಮನೆಯವಳ ಕಡೆ ಬೆರಳು ತೋರಿಸಿದ. ಸಂಜೆ ಆಡು ಹೊಡೆದುಕೊಂಡು ಬರುವಾಗ ಅವಳು ಬೇಲಿಯ ಪಕ್ಕದಲ್ಲೇ ಹಾದುಹೋದಳು, ಇಳಿಬಿಸಿಲಿಗೆ ನೆರಳು ಉದ್ದವಾಗಿ ಹೋಗಿ ಗುಂಡಿಗೆ ಬಿತ್ತು, ನಾನೇ ಕಣ್ಣಾರೆ ಕಂಡೆ ಅಂದ. ಅವಳ ಗಂಡ ಅಂದು ಅವಳನ್ನು ಅಂಗಳದಲ್ಲಿ ಎಳೆದಾಡಿ ಹೊಡೆದ. ಮುಂಗೈ ಮೂಳೆ ಮುರಿಯಿತು. ಸೊಟ್ಟಗೆ ಕೂಡಿಕೊಂಡ ಆ ಕೈಯಲ್ಲೇ ಅವಳು ಈಗ ಅದೇ ಹೊಲದ ಎರಡನೆಯ ಗುಂಡಿಯ ಕಲ್ಲು ಕುಟ್ಟುತ್ತಿದ್ದಳು. ಮೇಸ್ತ್ರಿಯ ತಪ್ಪಿಗೆ ಅವಳ ಮೂಳೆ. ಅವತ್ತಿನಿಂದ ಸೊಸೆಗೆ ಅವನನ್ನು ಕಂಡರೆ ಭಯ ಹೋಗಿ ಹೇಸಿಗೆ ಉಳಿಯಿತು.

ಚಿನ್ನ ಒಂದಿಷ್ಟೂ ಸಿಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಸಾಸಿವೆಯಷ್ಟು ಸಿಗುತ್ತಿತ್ತು. ಮೂಗಿಗೆ ತುಪ್ಪ ಸವರುವುದಕ್ಕೆ ಅಷ್ಟು ಸಾಕು. ಕಲ್ಲಿನ ಪುಡಿಗೆ ಪಾದರಸ ಬೆರೆಸಿ, ಕಿವುಚಿ, ಉಳಿದ ಉಂಡೆಯನ್ನು ಬೆಂಕಿಗಿಟ್ಟರೆ ಪಾದರಸ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಬಯಲಲ್ಲಿ ಸುಡಿ, ಆ ಹೊಗೆ ಕೆಟ್ಟದ್ದು ಅಂತ ಪಾದರಸ ಮಾರುವವನೇ ಹೇಳಿದ್ದ. ಆದರೆ ಬಯಲಲ್ಲಿ ಸುಟ್ಟರೆ ನಾಲ್ಕು ಜನ ನೋಡುತ್ತಾರೆ. ಸಾಸಿವೆಯಷ್ಟನ್ನು ಯಾರು ಹೊಡೆದುಕೊಂಡು ಹೋಗುತ್ತಾರೋ ಅಂತ ಗಂಡನಿಗೆ ದಿಗಿಲು. ಅಡುಗೆಮನೆಯ ಬಾಗಿಲು ಹಾಕಿಕೊಂಡು, ಗಂಜಿ ಬಡಿಸುವ ಕಬ್ಬಿಣದ ಸೌಟಿನಲ್ಲೇ ಸುಡುತ್ತಿದ್ದ. ಆ ಸೌಟು ತಿಕ್ಕಿದ ನೀರು ಕುಡಿದು ಕೋಳಿಗಳು ಕುತ್ತಿಗೆ ತಿರುಚಿಕೊಂಡು ಬಿದ್ದವು. ಸೊಸೆ ಸೌಟನ್ನು ಮಾಡಿನ ಸಂದಿಗೆ ಸಿಕ್ಕಿಸಿ ಮರದ ಸೌಟು ಹಿಡಿದಳು. ಕೋಳಿಗೆ ರೋಗ ಬಂದಿದೆ ಅಂದ ಗಂಡ. ಮರುವಾರ ಮಾಡಿನಿಂದ ಸೌಟು ಇಳಿಸಿಕೊಂಡು ಮತ್ತೆ ಬಾಗಿಲು ಹಾಕಿಕೊಂಡ.

ಇದೇ ಗಂಡ ಒಂದು ಕಾಲಕ್ಕೆ ನೇಗಿಲು ಹಿಡಿದರೆ ಸಾಲು ಗೆರೆ ಎಳೆದಷ್ಟು ನೇರ ಇರುತ್ತಿತ್ತು. ಹದ ಆರುವುದರೊಳಗೆ ಬಿತ್ತಿ ಮುಗಿಸಬೇಕು ಅಂತ ಅನ್ನ ಬಿಟ್ಟು ಹೊಲದಲ್ಲಿರುತ್ತಿದ್ದ. ಹೋದ ವರ್ಷ ಮಳೆ ಬಂದಾಗ ಅವನು ಗುಂಡಿಯೊಳಗಿದ್ದ. ಇನ್ನೊಂದು ಮೊಳ. ಅತ್ತೆ ಸೊಸೆ ಇಬ್ಬರೇ ಸನಿಕೆಯಲ್ಲಿ ಕೆದಕಿ ಅರ್ಧ ಹೊಲ ಬಿತ್ತಿದರು. ಬೆಳೆದದ್ದು ಸುಗ್ಗಿ ಮುಗಿಯುವ ಮುಂಚೆಯೇ ಗುಂಡಿಯವರ ಹೊಟ್ಟೆ ಸೇರಿತು. ಜೋಳ ಬೆಳೆಯುತ್ತಿದ್ದವರು ಈಗ ಜೋಳ ಕೊಳ್ಳಲು ಅಂಗಡಿಯ ಮುಂದೆ ನಿಂತರು. ಅಂಗಡಿಯವನು ಚಿನ್ನದ ಊರಿನ ದರ ಹೇಳಿದ. ಚಿನ್ನದ ಊರಂತೆ! ಮಕ್ಕಳ ಹೊಟ್ಟೆ ಮುಂದೆ ಬಂದು ಕಾಲು ಕಡ್ಡಿಯಾಗಿದ್ದ ಊರಿಗೆ ಅದು ಹೆಸರು.

ಬೇಸಿಗೆ ಮುಗಿಯುವ ಹೊತ್ತಿಗೆ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದ. ಆಹಾರ ಭದ್ರತೆ ಅಂತ ದೊಡ್ಡ ಬಟ್ಟೆಯ ಮೇಲೆ ಬರೆಸಿಕೊಂಡು ತಂದಿದ್ದ. ಕಟ್ಟಲು ಮರ ಬೇಕಿತ್ತು. ಮರಗಳನ್ನೆಲ್ಲ ಗುಂಡಿಯ ಆಸರೆಗೆ ಕಡಿದಾಗಿತ್ತು. ಕೊನೆಗೆ ಇವರ ಹೊಲದ ಗುಂಡಿಯ ರಾಟೆ ಕಂಬಕ್ಕೇ ಕಟ್ಟಿ ಭಾಷಣ ಶುರು ಮಾಡಿದ. ತಾಯಂದಿರೇ ಅಂತ ಶುರು. ತಾಯಂದಿರು ಗುಂಡಿಯ ಹತ್ತಿರ ಬರುವಂತಿಲ್ಲವಲ್ಲ, ಬೇಲಿಯ ಆಚೆ ಬಿಸಿಲಲ್ಲಿ ನಿಂತು ಕೇಳಿದರು. ಸೊಪ್ಪು ತಿನ್ನಿ, ಮೊಟ್ಟೆ ತಿನ್ನಿ, ಮನೆಯ ಹಿಂದೆ ತರಕಾರಿ ಬೆಳೆಯಿರಿ ಅಂದ. ಮನೆಯ ಹಿಂದೆ ಕಲ್ಲು ತೊಳೆದ ಕೆಸರು ಮೊಳಕಾಲುದ್ದ ನಿಂತಿತ್ತು, ಅದರಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ಬೆಳಗ್ಗೆ ಏನು ತಿಂದಿರಿ ಅಜ್ಜಿ ಅಂತ ಅತ್ತೆಯನ್ನು ಕೂಗಿ ಕೇಳಿದ. ಕಲ್ಲು ಅಂದಳು ಅತ್ತೆ. ಅಧಿಕಾರಿ ನಕ್ಕ. ಅಜ್ಜಿ ತುಂಬ ತಮಾಷೆ ಅಂದ. ಫೋಟೋ ಹಿಡಿಸಿಕೊಂಡು, ಮೇಸ್ತ್ರಿಯ ಕೊಡೆಯ ಕೆಳಗೆ ಕೂತು, ಇವರ ಮನೆಯಿಂದಲೇ ಹೋದ ಗಂಜಿ ಕುಡಿದು, ಚೆನ್ನಾಗಿದೆ ಅಂತ ಹೇಳಿ ಹೋದ.

ಅಷ್ಟೆಲ್ಲ ಆದರೂ ಮನೆಯಲ್ಲಿ ಒಂದು ಮಡಕೆ ಉಳಿದಿತ್ತು. ಅತ್ತೆ ಮಲಗುವ ಮೂಲೆಯಲ್ಲಿ, ಅವಳ ತಲೆಯ ಹತ್ತಿರ. ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದ ಬೀಜದ ಮಡಕೆ. ಹುಳ ಹಿಡಿಯದಿರಲೆಂದು ಬೂದಿ ಬೆರೆಸಿ ಇಟ್ಟ ಜೋಳ. ಎಂಥ ಹಸಿವಿಗೂ ಅದನ್ನು ಮುಟ್ಟುವಂತಿರಲಿಲ್ಲ. ಮಗಳು ಅಳುತ್ತಿದ್ದ ದಿನಗಳಲ್ಲಿ ಸೊಸೆ ಆ ಮಡಕೆಯನ್ನು ನೋಡುವುದನ್ನೇ ಬಿಟ್ಟಿದ್ದಳು. ಹೊಲದಲ್ಲೂ ಅಷ್ಟೇ, ಒಂದು ತುಂಡು ಉಳಿದಿತ್ತು, ಗುಂಡಿಯಿಂದ ಬದುವಿನ ತನಕ, ಇನ್ನೂ ಮಣ್ಣಾಗಿಯೇ ಇದ್ದ ತುಂಡು. ಮಳೆ ಬರಲಿ, ಆ ತುಂಡಿಗೆ ಈ ಮಡಕೆ. ಅವಳ ಲೆಕ್ಕ ಅಷ್ಟೇ ಇತ್ತು. ಅದು ತಪ್ಪಿದರೆ ಬರುವ ವರ್ಷ ಮಗಳಿಗೆ ಬೀಡಿ ತುಂಡು ತೇಲುವ ಗಂಜಿಯೂ ಇಲ್ಲ.

ಮಳೆ ಬಂತು. ಒಂದು ಇಡೀ ಮಧ್ಯಾಹ್ನ ಹುಯ್ದು ನಿಂತಿತು. ಮಣ್ಣಿನ ವಾಸನೆಗೆ ಅತ್ತೆ ಎದ್ದು ಕೂತಳು. ನಾಳೆ ಬೆಳಗ್ಗೆ ಬಿತ್ತೋಣ ಅಂತ ಸೊಸೆ ಸನಿಕೆಯ ಕಾವು ಬಿಗಿ ಮಾಡುತ್ತಿದ್ದಳು. ಆಗ ಮೇಸ್ತ್ರಿ ಗಂಡನ ಜೊತೆ ಅಂಗಳಕ್ಕೆ ಬಂದ. ಕೊಡೆ ಮಡಚಿ, ಒರಳಿನ ಮೇಲೆ ಕಾಲಿಟ್ಟು ನಿಂತ. ಊಟ ಬೇಕಾದಾಗ ತಂಗಿ, ಊಟ ಆದ ಮೇಲೆ ಏಯ್, ಇದು ಅವನು ಹೆಂಗಸರನ್ನು ಕರೆಯುವ ರೀತಿ. ಇವತ್ತು ತಂಗಿ ಅಂದ.

"ತಂಗಿ, ಎಳೆ ಕಂಡಿದೆ. ಇನ್ನೊಂದು ಮೊಳ ಅಷ್ಟೆ. ನಾಳೆ ಹುಡುಗರಿಗೆ ಹೊಟ್ಟೆ ತುಂಬ ಹಾಕು, ಸಂಜೆ ಒಳಗೆ ಹಿಡಿದುಬಿಡ್ತೀವಿ."

ಹಾಕಲು ಮನೆಯಲ್ಲಿ ಕಾಳಿಲ್ಲ ಅಂದಳು ಸೊಸೆ. ಮೇಸ್ತ್ರಿ ಗಂಡನ ಮುಖ ನೋಡಿದ. ಗಂಡ ಒಳಗಿನ ಮೂಲೆ ನೋಡಿದ. ಅಷ್ಟು ಸಾಕಾಯಿತು. ಬೀಜ ಇದೆಯಲ್ಲ, ನಾಳೆ ಚಿನ್ನ ಬಂದರೆ ಹತ್ತು ಮಡಕೆ ಬೀಜ ತರಬಹುದು ಅಂದ ಮೇಸ್ತ್ರಿ. ಬಿತ್ತುವುದು ಎಲ್ಲಿ ಅಂತ ಬೇರೆ ಕೇಳಿದ. ಉಳಿದ ತುಂಡಿಗೂ ಸುಣ್ಣದ ಗುರುತು ಹಾಕಿಸಿದ್ದೇನೆ, ಇನ್ನೊಂದು ಗುಂಡಿಗೆ ಅಂದ. ಹೇಳುವ ಧಾಟಿ ಹೇಗಿತ್ತೆಂದರೆ, ಮನೆಗೆ ಏನೋ ದೊಡ್ಡ ಉಪಕಾರ ಮಾಡಿದವನ ಹಾಗೆ.

ಅತ್ತೆ ಒಳಗೆ ಹೋಗಿ ಮಡಕೆಯ ಮೇಲೆ ಕೈ ಹರಡಿ ಅದನ್ನು ತಬ್ಬಿಕೊಂಡು ಕೂತಳು.

"ಇದನ್ನ ತೆಗೀಬೇಕಾದ್ರೆ ನನ್ನ ಕೈ ಮುರಿದು ತೆಗಿ," ಅಂದಳು ಮಗನಿಗೆ. "ನೀನು ಹುಟ್ಟಿದ ವರ್ಷ ಒಂದು ಹನಿ ಮಳೆ ಇರಲಿಲ್ಲ. ಅವತ್ತೂ ಇದನ್ನ ತಿನ್ನಲಿಲ್ಲ ನಾವು."

ಮಗ ಕೈ ಮುರಿಯಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಿದ. ಮುದುಕಿ ಪಕ್ಕಕ್ಕೆ ಉರುಳಿದಳು. ಸೊಂಟ ಹಿಡಿದುಕೊಂಡು ಅಲ್ಲೇ ಮಲಗಿದಳು, ಅಳಲಿಲ್ಲ. ಅವನು ಮಡಕೆಯ ಬಾಯಿಯ ಮಣ್ಣನ್ನು ಗುದ್ದಿ ಒಡೆದು, ಬೀಜವನ್ನೆಲ್ಲ ಗಂಜಿಯ ಪಾತ್ರೆಗೆ ಸುರಿದು ಹೆಂಡತಿಯ ಮುಂದಿಟ್ಟ. ಬೂದಿ ತೊಳೆದು ನೆನೆಹಾಕು, ಬೆಳಗ್ಗೆ ಬೇಯಿಸು ಅಂದ. ಅವಳ ಮುಖ ನೋಡಿ ಹೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ, "ಏಯ್, ಉಪ್ಪು ಸರಿಯಾಗಿ ಹಾಕು" ಅಂದು ಕೊಡೆ ಬಿಡಿಸಿಕೊಂಡ.

ಸೊಸೆ ತೊಳೆದಳು. ಬೂದಿ ಕರಗಿ ನೀರು ಕಪ್ಪಾಯಿತು, ಮತ್ತೆ ತೊಳೆದಳು, ಕಾಳು ಬಿಳಿಯಾಯಿತು. ನೀರು ಹುಯ್ದು ಮುಚ್ಚಿಟ್ಟಳು. ತೊಳೆಯುವಾಗ ತನ್ನ ಕೈ ಕಂಡು ಅವಳಿಗೇ ಅಸಹ್ಯವಾಯಿತು. ಹೇಳಿದ್ದನ್ನೆಲ್ಲ ಮಾಡುವ ಕೈ. ಕಲ್ಲು ಕುಟ್ಟು ಅಂದರೆ ಕುಟ್ಟಿತು, ಬೆನ್ನು ತಿರುಗಿಸಿ ಕೂರು ಅಂದರೆ ಮೈಯೆಲ್ಲ ತಿರುಗಿತು. ಈಗ ಬೀಜವನ್ನೂ ತೊಳೆದು ಕೊಟ್ಟಿತು.

ಬೆಳಗ್ಗೆ ಒಲೆ ಹಚ್ಚಿ ಪಾತ್ರೆಯ ಮುಚ್ಚಳ ತೆಗೆದಳು. ಕಾಳು ಉಬ್ಬಿಕೊಂಡು ಮೂತಿ ಬಿರಿಯಲು ತಯಾರಾಗಿ ಕೂತಿತ್ತು. ಒಂದೊಂದರ ತುದಿಯಲ್ಲಿ ಬಿಳಿ ಚುಕ್ಕೆ. ನೆನೆದ ಬೀಜವನ್ನು ಮತ್ತೆ ಮಡಕೆಗೆ ಹಾಕಿಡಲು ಬರುವುದಿಲ್ಲ. ಇವತ್ತು ಬೇಯಿಸಬೇಕು, ಇಲ್ಲವೇ ಇವತ್ತೇ ಬಿತ್ತಬೇಕು. ಹೊರಗೆ ಹದ ಇನ್ನೂ ಇತ್ತು. ಬಿಸಿಲು ಏರಿದರೆ ಅದೂ ಆರುತ್ತದೆ.

"ಅತ್ತೆ, ಇದನ್ನ ನಾನು ಬೇಯಿಸಲ್ಲ," ಅಂದಳು.

ಮುದುಕಿ ಮಲಗಿದ್ದಲ್ಲಿಂದಲೇ ತಲೆ ಎತ್ತಿ ನೋಡಿದಳು. ಬಿತ್ತಿದರೂ ಅಗೆದು ಹಾಕುತ್ತಾರಲ್ಲೇ ಅಂದಳು.

"ಅಗೆಯೋರು ಇದ್ರೆ ತಾನೆ."

ಒಲೆಗೆ ನೀರು ಹುಯ್ದಳು. ಹೊಗೆ ಎದ್ದಿತು. ಪಾತ್ರೆಯ ನೀರು ಬಸಿದು, ದಿನಾ ಕಟ್ಟುವ ಹಾಗೆ ಬಟ್ಟೆ ಕಟ್ಟಿ ತಲೆಯ ಮೇಲಿಟ್ಟುಕೊಂಡಳು. ಮಾಡಿನ ಸಂದಿಯಿಂದ ಕಬ್ಬಿಣದ ಸೌಟನ್ನೂ ಎಳೆದುಕೊಂಡಳು. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಹೊರಟಳು.

ಗುಂಡಿಯ ಸುತ್ತ ಗಂಡಸರು ಆಗಲೇ ಬಂದಿದ್ದರು. ಹಸಿದು ಬಂದಿದ್ದರು, ಅವರೇನೂ ಸಾಹುಕಾರರಲ್ಲ. ಬೇರೆ ಬೇರೆ ಕಡೆ ಇದೇ ರೀತಿ ಹೊಲ ಕಳೆದುಕೊಂಡು ಬಂದು ಇನ್ನೊಬ್ಬರ ಹೊಲ ಅಗೆಯುವವರು. ಒಬ್ಬ ಕೆಳಗೆ ಇಳಿದಿದ್ದ, ಇಬ್ಬರು ರಾಟೆ ಹಿಡಿದಿದ್ದರು. ಗಂಡ ಬುಟ್ಟಿ ಹೊರುತ್ತಿದ್ದ. ಮೇಸ್ತ್ರಿ ಕೊಡೆಯ ಕೆಳಗೆ ಕೂತಿದ್ದ. ಸೊಸೆ ಬೇಲಿಗೆ ಬಂದಳು. ದಿನಾ ನಿಲ್ಲುವ ಜಾಗ ಅದು. ಪಾತ್ರೆ ಇಳಿಸಲಿಲ್ಲ, ಕೂಗು ಹಾಕಲಿಲ್ಲ, ಬೆನ್ನು ತಿರುಗಿಸಲಿಲ್ಲ. ಬೇಲಿಯ ಗಳ ಸರಿಸಿ ಒಳಗೆ ಕಾಲಿಟ್ಟಳು.

ಯಾರೋ ಏ ಏ ಅಂದರು. ಅವಳು ನಡೆದಳು. ಎಷ್ಟು ದಿನದ ಮೇಲೆ ತನ್ನ ಹೊಲದ ಮಣ್ಣು ಅಂಗಾಲಿಗೆ ತಾಗಿತ್ತು! ಗುಂಡಿಯ ಮೂಡಣ ಬದಿಗೆ ಬಂದು, ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು, ಪಾತ್ರೆ ಪಕ್ಕಕ್ಕಿಟ್ಟು, ಗುಂಡಿಯ ಬಾಯಿಗೆ ಕಾಲು ಇಳಿಬಿಟ್ಟು ಕೂತಳು. ಅವಳ ನೆರಳು ನೇರ ಗುಂಡಿಯೊಳಗೆ ಬಿದ್ದಿತು, ಕೆದರಿದ ತಲೆಗೂದಲ ಸಮೇತ.

ರಾಟೆ ಹಿಡಿದಿದ್ದವರು ಹಗ್ಗ ಬಿಟ್ಟು ಹಿಂದೆ ಹಾರಿದರು. ಕೆಳಗಿದ್ದವನು ತಲೆ ಎತ್ತಿ ನೋಡಿ, ಏನೋ ಕಚ್ಚಿದವನ ಹಾಗೆ ಗೋಡೆಯ ಮೆಟ್ಟಿಲು ಹಿಡಿದು ದಬದಬ ಮೇಲೆ ಬಂದು, ಅವಳಿಂದ ದೂರ ಓಡಿ ನಿಂತ. ಹಾರೆ ಗುದ್ದಲಿ ಹಿಡಿದ ಗಂಡಸರು, ಭೂಮಿಯ ಹೊಟ್ಟೆ ಬಗೆಯುತ್ತೇವೆ ಅನ್ನುವವರು, ಒಬ್ಬ ಬಡಕಲು ಹೆಂಗಸಿನ ನೆರಳಿಗೆ ಬೆವರಿದರು. ಇವರಿಗಾಗಿ ತಾನು ಇಷ್ಟು ದಿನ ಬೆನ್ನು ತಿರುಗಿಸಿ ಕೂತಿದ್ದೆನಲ್ಲ ಅಂತ ಅವಳಿಗೆ ನಗು ಬಂತು. ಬಂದ ನಗುವನ್ನು ತಡೆಯಲಿಲ್ಲ.

"ಎಳೀರೋ ಅವಳನ್ನ," ಅಂತ ಮೇಸ್ತ್ರಿ ಕೊಡೆ ಬಿಸಾಕಿ ಅರಚಿದ.

ಯಾರೂ ಎಳೆಯಲಿಲ್ಲ. ಎಳೆಯಬೇಕಾದರೆ ಮುಟ್ಟಬೇಕು. ಗುಂಡಿಯ ಬಾಯಲ್ಲಿ ಕೂತ ಹೆಣ್ಣನ್ನು ಮುಟ್ಟಿದವನಿಗೆ ಇನ್ನೆಲ್ಲಿಯ ಚಿನ್ನ? ಗಂಡ ಮುಂದೆ ಬಂದ. ಮುಖ ಕೆಂಪೇರಿತ್ತು, ಕೈ ಎತ್ತಿದ್ದ.

"ಹೊಡೀರಿ," ಅಂದಳು. "ಹೊಡೆದಾದ ಮೇಲೆ ಕೆಳಗಿಳಿದು ನೋಡ್ಕೊಂಡು ಬನ್ನಿ, ಚಿನ್ನ ಇದೆಯೋ ಓಡಿಹೋಯ್ತೋ ಅಂತ."

ಎತ್ತಿದ ಕೈ ಅಲ್ಲೇ ನಿಂತಿತು. ಅವನು ಗುಂಡಿ ನೋಡಿದ, ಅದರೊಳಗೆ ಬಿದ್ದಿದ್ದ ನೆರಳು ನೋಡಿದ. ಇಳಿಯುವುದಿರಲಿ, ಒಂದು ಹೆಜ್ಜೆ ಹತ್ತಿರ ಬರಲೂ ಅವನಿಂದ ಆಗಲಿಲ್ಲ. ಕೈ ತಾನಾಗಿ ಕೆಳಗೆ ಬಂತು. ಒಂದು ವರ್ಷದಿಂದ ಅವಳು ಹೆದರಿಕೊಂಡಿದ್ದ ಗಂಡ ಇಷ್ಟೇ ಇದ್ದ.

ಅವಳು ಪಾತ್ರೆಯ ಬಟ್ಟೆ ಬಿಚ್ಚಿದಳು. ಗಂಜಿಯ ವಾಸನೆಗೆ ಕಾದಿದ್ದವರು ಇಣುಕಿದರು. ಹಸಿ ಬೀಜ. ಊಟ ಎಲ್ಲಿ ಅಂತ ಒಬ್ಬ ಕೇಳಿದ. ಊಟ ಇದೇ, ಇದನ್ನು ಮಣ್ಣಿಗೆ ಹಾಕಿದರೆ ಸುಗ್ಗಿಗೆ ಬರುತ್ತದೆ, ಅಲ್ಲಿಯ ತನಕ ಕಾಯುತ್ತೀರಾ ಅಂದಳು. ಆಮೇಲೆ ಕಬ್ಬಿಣದ ಸೌಟು ಎತ್ತಿ ಗುಂಡಿಗೆ ಬಿಟ್ಟಳು. ಕಲ್ಲಿನಿಂದ ಕಲ್ಲಿಗೆ ಠಣ್ ಠಣ್ ಅಂತ ಬಡಿಯುತ್ತಾ ಹೋಗಿ ತಳ ಸೇರಿತು. ಕೋಳಿ ಕೊಂದ ಸೌಟು ಅಲ್ಲೇ ಇರಲಿ ಅಂದಳು.

ಮೇಸ್ತ್ರಿ ಧ್ವನಿ ತಗ್ಗಿಸಿದ. ಪರವಾಗಿಲ್ಲ ಇಳಿಯಿರಿ, ನಾನಿದ್ದೇನೆ, ಅಷ್ಟು ಸುಲಭಕ್ಕೆ ಓಡುವುದಿಲ್ಲ, ಎಳೆ ಗಟ್ಟಿಯಾಗಿದೆ ಅಂದ. ಗುಂಡಿಯಿಂದ ಮೇಲೆ ಬಂದಿದ್ದವನು ಅವನನ್ನೇ ನೋಡಿದ.

"ಹಾಗಾದ್ರೆ ಪಕ್ಕದ ಹೊಲದಲ್ಲಿ ಹ್ಯಾಗೆ ಓಡ್ತು? ಆ ಹೆಂಗಸು ಬೇಲಿ ಆಚೆಗಿದ್ಲು."

ಮೇಸ್ತ್ರಿ ಮಣ್ಣು ನೆಕ್ಕಿದ ನಾಲಿಗೆಯಿಂದ ತುಟಿ ಸವರಿಕೊಂಡ. ಓಡಿಲ್ಲ ಅಂದರೆ ಅವತ್ತು ಹೇಳಿದ್ದು ಸುಳ್ಳು, ಓಡಿದೆ ಅಂದರೆ ಇವತ್ತಿನ ಗುಂಡಿ ಮುಗಿಯಿತು. ಅವನು ತಾನೇ ತೋಡಿದ ಗುಂಡಿಯಲ್ಲಿ ಬಿದ್ದು ಒದ್ದಾಡುವುದನ್ನು ಸೊಸೆ ಕಾಲು ಅಲ್ಲಾಡಿಸುತ್ತಾ ಕೂತು ನೋಡಿದಳು. ಬಾಯಿಗೆ ಬಂದ ಹಾಗೆ ಬೈದ. ಅವಳಿಗೆ ಮನೆಹಾಳಿ ಅಂದ, ಗಂಡನಿಗೆ ಹೆಂಡತಿಗೆ ಬುದ್ಧಿ ಹೇಳಲು ಬಾರದವನು ಅಂದ. ಹೊಟ್ಟೆಗೆ ಊಟವೂ ಇಲ್ಲ, ಕೆಳಗೆ ಚಿನ್ನವೂ ಇಲ್ಲ ಅಂತ ಆದ ಮೇಲೆ ತೋಡುವವರು ಒಬ್ಬೊಬ್ಬರಾಗಿ ಗುದ್ದಲಿ ಹೆಗಲಿಗೇರಿಸಿದರು. ಹಗ್ಗ ಸುತ್ತಿಕೊಂಡರು. ಕೊಡೆ ಎತ್ತಿಕೊಂಡು ಮೇಸ್ತ್ರಿಯೂ ನಡೆದ. ಎಲ್ಲರೂ ಪಕ್ಕದ ಹೊಲದ ಕಡೆಗೇ ಹೋದರು. ಅಲ್ಲಿ ಇನ್ನೊಂದು ಗುಂಡಿ ಇತ್ತು, ಇನ್ನೊಂದು ಮನೆಯ ಗಂಜಿ ಇತ್ತು.

ಸೊಸೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅತ್ತೆ ಸೊಂಟದ ಮೇಲೆ ಒಂದು ಕೈಯಿಟ್ಟು, ಇನ್ನೊಂದರಲ್ಲಿ ಸನಿಕೆ ಊರಿಕೊಂಡು, ಮೊಮ್ಮಗಳ ಜೊತೆ ಕುಂಟುತ್ತಾ ಬರುತ್ತಿದ್ದಳು. ಮೊಳದಪ್ಪ ಹೋದನಾ ಅಂತ ಬೇಲಿಯಿಂದಲೇ ಕೇಳಿದಳು. ಸುಣ್ಣದ ಗುರುತನ್ನು ಕಾಲಲ್ಲಿ ಉಜ್ಜಿ ಅಳಿಸಿ, ಇಬ್ಬರೂ ಬದುವಿನ ಕಡೆಯಿಂದ ಬಿತ್ತಲು ಶುರು ಮಾಡಿದರು. ಒಬ್ಬಳು ಕೆದಕುವುದು, ಒಬ್ಬಳು ಕಾಳು ಬಿಡುವುದು, ಕಾಲಲ್ಲಿ ಮಣ್ಣು ಎಳೆಯುವುದು. ಗಂಡ ಕಲ್ಲಿನ ರಾಶಿಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ. ಇತ್ತು ಕಣೇ, ಎಳೆ ಇತ್ತು, ನಾನೇ ನೋಡಿದ್ದೆ ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅವನ ಹತ್ತಿರ ಬಂದಾಗ ಅವಳು ಖಾಲಿ ಬುಟ್ಟಿಯೊಂದನ್ನು ಕಾಲಿನಿಂದ ಅವನ ಕಡೆ ನೂಕಿದಳು.

"ಕೂತು ಅಳೋ ಬದಲು ಆ ಕಲ್ಲು ವಾಪಸ್ ಗುಂಡಿಗೆ ತುಂಬಿ. ಮಗು ಬೀಳತ್ತೆ."

ಅವನು ತಕ್ಷಣ ಏಳಲಿಲ್ಲ. ಅವಳು ಏಳಲಿ ಅಂತ ಕಾಯಲೂ ಇಲ್ಲ, ಸಾಲಿಗೆ ಹಿಂತಿರುಗಿದಳು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಗುಂಡಿಗೆ ಕಲ್ಲು ಬೀಳುವ ಸದ್ದು ಕೇಳಿಸಿತು.

ಪಾತ್ರೆಯ ತಳ ಕಾಣುವ ಹೊತ್ತಿಗೆ ಬೇಲಿಯ ಹತ್ತಿರ ಪಕ್ಕದ ಹೊಲದವಳು ಬಂದು ನಿಂತಿದ್ದಳು. ಓಡಿ ಬಂದಿದ್ದಳು, ಏದುಸಿರು. ಸೊಟ್ಟ ಕೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಅವರೆಲ್ಲ ನಮ್ಮ ಹೊಲಕ್ಕೆ ಬಂದು ಕೂತಿದ್ದಾರೆ, ಊಟ ಕೇಳುತ್ತಿದ್ದಾರೆ, ಮನೆಯಲ್ಲಿ ಇರುವುದು ಬೀಜ ಒಂದೇ ಅಂದಳು. ಆಮೇಲೆ ಅತ್ತಿತ್ತ ನೋಡಿ ದನಿ ಇಳಿಸಿದಳು.

"ಅಕ್ಕಾ, ನಮ್ಮ ಗುಂಡಿ ಹತ್ರನೂ ಒಂದ್ಸಲ ಬಂದು ಕೂತ್ಕೊತೀಯಾ?"

ಸೊಸೆ ಕೊನೆಯ ಹಿಡಿ ಬೀಜ ಸಾಲಿಗೆ ಬಿಟ್ಟು, ಕಾಲಲ್ಲಿ ಮಣ್ಣು ಎಳೆದು ಮುಚ್ಚಿ, ಬೆನ್ನು ನೇರ ಮಾಡಿಕೊಂಡು ನಿಂತಳು. ಬಿಸಿಲಲ್ಲಿ ಬೇಲಿಯ ಮೇಲೆ ಬಿದ್ದಿದ್ದ ಆ ಹೆಂಗಸಿನ ನೆರಳನ್ನು ಬೆರಳು ಮಾಡಿ ತೋರಿಸಿದಳು.

"ನನ್ನನ್ನ ಯಾಕೆ ಕರೀತೀಯೇ? ನಿನಗೂ ನೆರಳಿದೆಯಲ್ಲ."